ಮಾರ್ಕರ್ ಕಾಣುತ್ತಿಲ್ಲ, ಕಂಡರೂ ನಿಲ್ಲುತ್ತಿಲ್ಲ: ಕ್ಯಾಮೆರಾ ಟ್ರ್ಯಾಕಿಂಗ್ ದೋಷ ಹುಡುಕುವ ಕೈಪಿಡಿ

ಕಪ್ಪು ಬಿಳುಪಿನ ಒಂದು ಚೌಕವನ್ನು ಕ್ಯಾಮೆರಾಗೆ ತೋರಿಸಿದರೆ ಪರದೆಯಲ್ಲಿ ಅದರ ಮೇಲೆ ಒಂದು ಘನಾಕೃತಿ ಬಂದು ಕೂರಬೇಕು. ಕೆಲವೊಮ್ಮೆ ಬರುವುದೇ ಇಲ್ಲ. ಕೆಲವೊಮ್ಮೆ ಬಂದು ಅದುರುತ್ತದೆ, ಇದ್ದಕ್ಕಿದ್ದಂತೆ ಮಗುಚಿಕೊಳ್ಳುತ್ತದೆ, ಕೈ ಅಲುಗಿಸಿದರೆ ಹಿಂದೆ ಬೀಳುತ್ತದೆ, ಇಲ್ಲವೇ ಒಂದು ಮೀಟರ್ ದೂರದಲ್ಲಿರುವ ಚೌಕವನ್ನು ಒಂದೂವರೆ ಮೀಟರ್ ದೂರದಲ್ಲಿದೆ ಎನ್ನುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಕೊನೆಯ ಹಂತದ ಕೋಡಿಗೆ. ಫಿಲ್ಟರ್ ಹಾಕೋಣ, ಮ್ಯಾಟ್ರಿಕ್ಸ್‌ನಲ್ಲಿ ಒಂದು ಮೈನಸ್ ಸೇರಿಸಿ ನೋಡೋಣ, ಹೀಗೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಈ ಕೆಲಸದಲ್ಲಿ ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಅದಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ.

ಇಲ್ಲಿ ಹೇಳುವುದು ಅರೂಕೊ, ಏಪ್ರಿಲ್‌ಟ್ಯಾಗ್‌ನಂಥ ಚೌಕ ಮಾರ್ಕರ್‌ಗಳ ಬಗ್ಗೆ. ಉದಾಹರಣೆಗಳೆಲ್ಲ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯವು, ಏಕೆಂದರೆ ಹೆಚ್ಚು ಜನ ಬಳಸುವುದು ಅದನ್ನೇ. ಬೇರೆ ಲೈಬ್ರರಿ ಬಳಸುವವರಿಗೂ ಹುಡುಕುವ ದಾರಿ ಬದಲಾಗುವುದಿಲ್ಲ, ಏಕೆಂದರೆ ಎಲ್ಲದರ ಒಳಗೂ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ. ಮೊದಲು ಚಿತ್ರದಲ್ಲಿ ನಾಲ್ಕು ಮೂಲೆಯ ಆಕೃತಿಗಳನ್ನು ಹುಡುಕುತ್ತದೆ. ಆಮೇಲೆ ಪ್ರತಿ ಆಕೃತಿಯನ್ನು ನೇರ ಚೌಕವಾಗಿಸಿ ಒಳಗಿನ ಕಪ್ಪು ಬಿಳಿ ಮನೆಗಳನ್ನು ಓದಿ, ನಿಘಂಟಿನಲ್ಲಿ, ಅಂದರೆ ಮೊದಲೇ ನಿಗದಿಯಾದ ಕೋಡ್‌ಗಳ ಪಟ್ಟಿಯಲ್ಲಿ, ಅಂಥ ಕೋಡ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಆ ಕೋಡಿನ ಸಂಖ್ಯೆಯೇ ಮಾರ್ಕರ್‌ನ ಐಡಿ. ಬಳಿಕ ಮೂಲೆಗಳ ಜಾಗವನ್ನು ಇನ್ನಷ್ಟು ನಿಖರ ಮಾಡುತ್ತದೆ. ಆ ನಾಲ್ಕು ಮೂಲೆಗಳಿಂದ ಮಾರ್ಕರ್ ಎಲ್ಲಿದೆ, ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ. ಈ ಸ್ಥಾನ ಮತ್ತು ತಿರುವನ್ನು ಒಟ್ಟಾಗಿ ಪೋಸ್ ಎನ್ನುತ್ತೇವೆ. ಕೊನೆಗೆ ಅದನ್ನು ಪರದೆಗೆ ಬರೆಯುವುದು. ನಿಮ್ಮ ದೋಷ ಈ ಐದರಲ್ಲಿ ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕಚ್ಚಾ ಫ್ರೇಮ್ ಉಳಿಸಿ ನೋಡಿ

ಮಾರ್ಕರ್ ಹುಡುಕುವ ಡಿಟೆಕ್ಟರ್‌ಗೆ ಹೋಗುವ ಚಿತ್ರವನ್ನು, ಅದಕ್ಕೆ ಹೋಗುವ ಸಾಲಿನ ಹಿಂದಿನ ಸಾಲಿನಲ್ಲೇ, ಪಿಎನ್‌ಜಿ ಆಗಿ ಡಿಸ್ಕ್‌ಗೆ ಬರೆಯಿರಿ. ಪ್ರಿವ್ಯೂ ಚೆನ್ನಾಗಿ ಕಾಣುತ್ತಿದೆ ಎಂಬುದು ಸಾಕ್ಷಿಯಲ್ಲ. ಪ್ರಿವ್ಯೂ ಹೋಗುವ ದಾರಿಯೇ ಬೇರೆ, ಡಿಟೆಕ್ಟರ್‌ಗೆ ಚಿತ್ರ ಬರುವ ದಾರಿಯೇ ಬೇರೆ.

ಒಮ್ಮೆ ಫೋನಿನಲ್ಲಿ ನಡೆಯಬೇಕಾದ ಒಂದು ಆ್ಯಪ್‌ನಲ್ಲಿ ಮಾರ್ಕರ್ ಸಿಗುತ್ತಲೇ ಇರಲಿಲ್ಲ. ಅದೇ ಮಾರ್ಕರ್‌ನ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ಕೊಟ್ಟರೆ ತಕ್ಷಣ ಸಿಗುತ್ತಿತ್ತು. ಬೆಳಕು ಬದಲಿಸಿದೆ, ಕಾಗದ ಬದಲಿಸಿದೆ, ಕಪ್ಪು ಬಿಳುಪನ್ನು ಬೇರ್ಪಡಿಸುವ ಥ್ರೆಶೋಲ್ಡ್ ಸಂಖ್ಯೆಗಳನ್ನೆಲ್ಲ ತಿರುಗಿಸಿದೆ. ಎರಡು ದಿನದ ನಂತರ ಫ್ರೇಮ್ ಉಳಿಸಿ ತೆರೆದರೆ ಇಡೀ ಚಿತ್ರ ಓರೆಯಾಗಿ, ಜಾರಿದ ಇಸ್ಪೀಟು ಕಟ್ಟಿನ ಹಾಗೆ, ಪ್ರತಿ ಸಾಲೂ ಹಿಂದಿನದಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಕಾರಣ ಸರಳ. ಆ ಕ್ಯಾಮೆರಾ ಪ್ರತಿ ಸಾಲಿನ ಕೊನೆಗೆ ಕೆಲವು ಖಾಲಿ ಬೈಟ್ ಸೇರಿಸುತ್ತಿತ್ತು, ನಾನು ಸಾಲಿನ ಉದ್ದವೂ ಚಿತ್ರದ ಅಗಲವೂ ಒಂದೇ ಎಂದುಕೊಂಡು ಓದುತ್ತಿದ್ದೆ. ಪ್ರಿವ್ಯೂಗೆ ಈ ತೊಂದರೆ ಇರಲಿಲ್ಲ, ಅದು ಬೇರೆ ದಾರಿಯಲ್ಲಿ ನೇರವಾಗಿ ಪರದೆಗೆ ಹೋಗುತ್ತಿತ್ತು. ಸಾಲಿನ ನಿಜವಾದ ಉದ್ದವನ್ನು, ಅಂದರೆ ಸ್ಟ್ರೈಡ್ ಎನ್ನುವ ಆ ಒಂದು ಸಂಖ್ಯೆಯನ್ನು, ಕ್ಯಾಮೆರಾದಿಂದಲೇ ಕೇಳಿ ಬಳಸಿದ ಮೇಲೆ ಎಲ್ಲವೂ ಸರಿಯಾಯಿತು. ಅಂದಿನಿಂದ ಬೇರೆ ಏನು ಮಾಡುವ ಮೊದಲೂ ನಾನು ಆ ಫ್ರೇಮ್ ತೆರೆದು ನೋಡುತ್ತೇನೆ.

ಉಳಿಸಿದ ಚಿತ್ರದಲ್ಲಿ ಮೂರು ಸಂಗತಿ ನೋಡಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿದೆಯೇ? ಮಾರ್ಕರ್‌ನ ಒಂದು ಬದಿ ಎಷ್ಟು ಪಿಕ್ಸೆಲ್ ಇದೆ? ಕಪ್ಪು ಮನೆಯ ಪಕ್ಕದ ಬಿಳಿ ಮನೆಗೆ ದಾಟುವಾಗ ಅಂಚು ಒಂದೆರಡು ಪಿಕ್ಸೆಲ್‌ನಲ್ಲಿ ಮುಗಿಯುತ್ತದೆಯೇ, ಎಂಟು ಹತ್ತು ಪಿಕ್ಸೆಲ್ ಹರಡುತ್ತದೆಯೇ? ಇಮೇಜ್ ವ್ಯೂವರ್‌ನಲ್ಲಿ ಹಿಗ್ಗಿಸಿ ಕಣ್ಣಾರೆ ಎಣಿಸಿ. ಮುಂದೆ ಬರುವ ಲೆಕ್ಕಗಳಿಗೆಲ್ಲ ಈ ಎಣಿಕೆ ಬೇಕು.

ಚೌಕವೇ ಸಿಗುತ್ತಿಲ್ಲವೇ, ಚೌಕ ಸಿಕ್ಕಿ ಐಡಿ ಸಿಗುತ್ತಿಲ್ಲವೇ

ಇವೆರಡೂ ಹೊರಗಿನಿಂದ ನೋಡಿದರೆ ಒಂದೇ: ಪಟ್ಟಿ ಖಾಲಿ. ಒಳಗೆ ಪೂರ್ತಿ ಬೇರೆ ರೋಗಗಳು. ಓಪನ್‌ಸಿವಿಯ ಡಿಟೆಕ್ಟರ್ ತಾನು ತಿರಸ್ಕರಿಸಿದ ಆಕೃತಿಗಳ ಪಟ್ಟಿಯನ್ನೂ ಕೊಡುತ್ತದೆ. ಅದನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಆ ಪಟ್ಟಿಯನ್ನು ಕೆಂಪು ಗೆರೆಯಲ್ಲಿ ಚಿತ್ರದ ಮೇಲೆ ಬರೆಯಿರಿ. ನಿಮ್ಮ ಮಾರ್ಕರ್ ಸುತ್ತ ಕೆಂಪು ಗೆರೆ ಬಂದರೆ ಚೌಕ ಸಿಕ್ಕಿದೆ, ಓದಲು ಆಗಿಲ್ಲ. ಬರದಿದ್ದರೆ ಚೌಕವೇ ಸಿಕ್ಕಿಲ್ಲ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ಉಳಿಸುವುದು ಗಂಟೆಗಟ್ಟಲೆ.

ಚೌಕವೇ ಸಿಗದಿದ್ದರೆ ಮೊದಲು ಮಾರ್ಕರ್ ಸುತ್ತಲಿನ ಬಿಳಿ ಅಂಚನ್ನು ನೋಡಿ. ಕಪ್ಪು ಚೌಕಟ್ಟಿನವರೆಗೂ ಕತ್ತರಿಸಿ ಗಾಢ ಬಣ್ಣದ ಹಲಗೆಗೆ ಅಂಟಿಸಿದರೆ ಕಪ್ಪು ಎಲ್ಲಿ ಮುಗಿಯಿತು ಎಂದು ಯಾವ ಪ್ರೋಗ್ರಾಂಗೂ ತಿಳಿಯುವುದಿಲ್ಲ. ಸುತ್ತಲೂ ಕನಿಷ್ಠ ಒಂದು ಮನೆಯಷ್ಟು ಬಿಳಿ ಇರಬೇಕು. ನಾನು ಎರಡು ಮನೆ ಬಿಡುತ್ತೇನೆ. ಹಿಡಿದ ಬೆರಳು ಕಪ್ಪು ಅಂಚಿನ ಒಂದು ತುದಿಯನ್ನು ಮುಚ್ಚಿದರೂ ಚೌಕ ಮುರಿಯುತ್ತದೆ. ಈ ಜಾತಿಯ ಮಾರ್ಕರ್‌ಗಳ ದೊಡ್ಡ ದೌರ್ಬಲ್ಯವೇ ಇದು, ಕೋಡಿನಿಂದ ಇದಕ್ಕೆ ಮದ್ದಿಲ್ಲ. ಹಲವು ಮಾರ್ಕರ್‌ಗಳ ಬೋರ್ಡ್ ಮಾಡಿ, ಒಂದು ಮುಚ್ಚಿದರೂ ಉಳಿದವು ಕಾಣುವಂತೆ ಮಾಡುವುದೇ ದಾರಿ.

ಎರಡನೆಯದು ಗಾತ್ರ. ಓಪನ್‌ಸಿವಿಯಲ್ಲಿ ಕನಿಷ್ಠ ಸುತ್ತಳತೆಯ ಮಿತಿ ಮೊದಲೇ 0.03 ಎಂದು ಇರುತ್ತದೆ, ಅಂದರೆ ಚಿತ್ರದ ದೊಡ್ಡ ಬದಿಯ ಶೇ. 3. 1280 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು ಸುಮಾರು 38 ಪಿಕ್ಸೆಲ್ ಸುತ್ತಳತೆ, ಬದಿಗೆ ಸುಮಾರು 10 ಪಿಕ್ಸೆಲ್. 1920ರಲ್ಲಿ ಬದಿಗೆ 14 ದಾಟಬೇಕು. ರೆಸಲ್ಯೂಶನ್ ಹೆಚ್ಚಿಸಿದರೆ ದೂರದ ಮಾರ್ಕರ್ ಸಿಕ್ಕೀತು ಎಂದುಕೊಂಡವರಿಗೆ ನಿರಾಸೆಯಾಗುವುದು ಇಲ್ಲೇ. ಮಾರ್ಕರ್‌ನ ಪಿಕ್ಸೆಲ್ ಹೆಚ್ಚಿದಷ್ಟೇ ಮಿತಿಯೂ ಹೆಚ್ಚಿರುತ್ತದೆ, ಮಿತಿಯ ಸಂಖ್ಯೆಯನ್ನೂ ಇಳಿಸಬೇಕು. ತೀರಾ ಇಳಿಸಿದರೆ ಚಿತ್ರದ ಪ್ರತಿ ಚುಕ್ಕೆಯೂ ಅಭ್ಯರ್ಥಿಯಾಗಿ ವೇಗ ಕುಸಿಯುತ್ತದೆ.

ಇದರ ಎದುರು ತುದಿಯೂ ಇದೆ. ಮಾರ್ಕರ್ ತೀರಾ ಹತ್ತಿರ ಬಂದು ಚಿತ್ರ ತುಂಬಿಕೊಂಡಾಗ ಮಾಯವಾಗುವುದು. ಥ್ರೆಶೋಲ್ಡ್ ಮಾಡುವ ವಿಂಡೋ ಮೊದಲೇ 3ರಿಂದ 23 ಪಿಕ್ಸೆಲ್‌ವರೆಗೆ ಇರುತ್ತದೆ. ಕಪ್ಪು ಅಂಚೇ ನೂರು ಪಿಕ್ಸೆಲ್ ದಪ್ಪವಾದಾಗ ಆ ವಿಂಡೋ ಪೂರ್ತಿ ಕಪ್ಪಿನೊಳಗೆ ಮುಳುಗುತ್ತದೆ, ಅಂಚು ಒಡೆದ ಗೆರೆಯಾಗಿ ಉಳಿಯುತ್ತದೆ. ವಿಂಡೋದ ಗರಿಷ್ಠ ಅಳತೆ ಹೆಚ್ಚಿಸಿ, ಇಲ್ಲವೇ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಹುಡುಕಿ. ಮಂದ ಬೆಳಕಿನಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸ ಕಡಿಮೆಯಿದ್ದರೆ ಥ್ರೆಶೋಲ್ಡ್‌ನಿಂದ ಕಳೆಯುವ ಸ್ಥಿರಾಂಕವನ್ನು 7ರಿಂದ ಕೆಳಗಿಳಿಸಿ ನೋಡಬಹುದು.

ಕೆಂಪು ಗೆರೆ ಬಂದಿದೆ, ಐಡಿ ಇಲ್ಲ ಎಂದಾದರೆ ಮೊದಲ ಅನುಮಾನ ನಿಘಂಟಿನ ಮೇಲೆ. ಮುದ್ರಿಸಿದ್ದು 5×5 ನಿಘಂಟಿನದು, ಹುಡುಕುತ್ತಿರುವುದು 4×4 ನಿಘಂಟಿನಲ್ಲಿ. ಇದು ಎಷ್ಟು ಸಾಮಾನ್ಯ ಎಂದರೆ ನಾನು ಯಾರಿಗೇ ಸಹಾಯ ಮಾಡುವಾಗಲೂ ಮೊದಲು ಮಾರ್ಕರ್‌ನ ಒಂದು ಸಾಲಿನ ಮನೆಗಳನ್ನು ಎಣಿಸಿ ಹೇಳಿ ಎನ್ನುತ್ತೇನೆ. ಹೊರಗಿನ ಕಪ್ಪು ಅಂಚನ್ನೂ ಸೇರಿಸಿ 6 ಮನೆ ಇದ್ದರೆ ಅದು 4×4, ಎಂಟಿದ್ದರೆ 6×6. ಎರಡನೇ ಅನುಮಾನ ಕನ್ನಡಿ ಬಿಂಬ. ಸೆಲ್ಫಿ ಕ್ಯಾಮೆರಾದ ಚಿತ್ರ ಎಡಬಲ ತಿರುಗಿ ಬರುವುದುಂಟು. ಮಾರ್ಕರ್ ಅನ್ನು ಎಷ್ಟೇ ಡಿಗ್ರಿ ತಿರುಗಿಸಿದರೂ ಡಿಟೆಕ್ಟರ್ ಗುರುತಿಸುತ್ತದೆ, ಆದರೆ ಕನ್ನಡಿ ಬಿಂಬ ಯಾವ ತಿರುವಿಗೂ ಸಮನಲ್ಲ, ಅದು ನಿಘಂಟಿನಲ್ಲೇ ಇಲ್ಲದ ಕೋಡ್. ಮೂರನೆಯದು, ಕಪ್ಪಿದ್ದಲ್ಲಿ ಬಿಳಿ ಬಿಳಿಯಿದ್ದಲ್ಲಿ ಕಪ್ಪು ಆಗಿ ಮುದ್ರಣವಾಗಿರುವುದು. ಅದಕ್ಕೆ ಬೇರೆಯೇ ಆಯ್ಕೆ ಇದೆ, ಮೊದಲೇ ಆನ್ ಆಗಿರುವುದಿಲ್ಲ.

ಇದರ ತದ್ವಿರುದ್ಧ ದೂರೂ ಬರುತ್ತದೆ: ಇಲ್ಲದ ಮಾರ್ಕರ್ ಕಾಣುತ್ತಿದೆ. ಕಿಟಕಿಯ ಚೌಕಟ್ಟು, ಕೀಬೋರ್ಡ್‌ನ ಗುಂಡಿ, ನೆಲದ ಟೈಲ್ಸ್ ಇವೆಲ್ಲ ಐಡಿ 17 ಎಂದು ತೋರುತ್ತವೆ. 4×4 ಎಂದರೆ ಕೇವಲ 16 ಬಿಟ್, ಜೊತೆಗೆ ತಪ್ಪು ತಿದ್ದುವ ಅವಕಾಶವನ್ನೂ ಕೊಟ್ಟಿರುತ್ತೇವೆ, ಹಾಗಾಗಿ ಯಾವುದೋ ಆಕೃತಿ ಆಕಸ್ಮಿಕವಾಗಿ ಹೊಂದಿಕೊಳ್ಳುವುದು ಸುಲಭ. ಏಪ್ರಿಲ್‌ಟ್ಯಾಗ್‌ನ 36ಎಚ್11 ಕುಟುಂಬದಲ್ಲಿ 587 ಕೋಡ್‌ಗಳಿವೆ, ಯಾವ ಎರಡು ಕೋಡ್‌ಗಳ ನಡುವೆಯೂ ಕನಿಷ್ಠ 11 ಬಿಟ್ ವ್ಯತ್ಯಾಸವಿರುತ್ತದೆ. 2011ರಲ್ಲಿ ಎಡ್ವಿನ್ ಓಲ್ಸನ್ ಆ ಪದ್ಧತಿ ಪ್ರಕಟಿಸಿದಾಗ ಒತ್ತು ಕೊಟ್ಟದ್ದೇ ಈ ಸುಳ್ಳು ಗುರುತನ್ನು ತಡೆಯುವುದಕ್ಕೆ. ಅದಕ್ಕೂ ಮುಂಚೆ, 1999ರಲ್ಲಿ ಹಿರೊಕಾಜು ಕಾಟೊ ರೂಪಿಸಿದ ಎಆರ್‌ಟೂಲ್‌ಕಿಟ್‌ನಲ್ಲಿ ಚೌಕದೊಳಗೆ ಯಾವ ಚಿತ್ರವನ್ನಾದರೂ ಇಟ್ಟು, ನೆನಪಿಟ್ಟ ಮಾದರಿಗೆ ಹೋಲಿಸುತ್ತಿದ್ದರು. ಅಲ್ಲಿ ಒಂದು ಚಿತ್ರವನ್ನು ಇನ್ನೊಂದೆಂದು ತಪ್ಪು ತಿಳಿಯುವುದು ಮಾಮೂಲಾಗಿತ್ತು. ನಿಮಗೆ ಬೇಕಾದದ್ದು ಹತ್ತೇ ಮಾರ್ಕರ್ ಎಂದಾದರೆ ದೊಡ್ಡ ನಿಘಂಟು ತೆಗೆದುಕೊಳ್ಳಬೇಡಿ, ಬಳಸದ ಐಡಿ ಬಂದರೆ ಬಿಸಾಡಿ, ತಪ್ಪು ತಿದ್ದುವ ದರವನ್ನು 0.6ರಿಂದ ಇಳಿಸಿ.

ಅಲುಗಿಸಿದರೆ ಕಳೆದುಹೋಗುತ್ತದೆ

ಚಲನೆ ಅಳೆಯಲೆಂದೇ ಮಾರ್ಕರ್ ಅಂಟಿಸುತ್ತೇವೆ, ಚಲಿಸಿದ ಕೂಡಲೇ ಅದು ಮಾಯವಾಗುತ್ತದೆ. ಇಲ್ಲಿ ಲೆಕ್ಕ ಹಾಕಿದರೆ ಮಾತ್ರ ಸಮಾಧಾನ. ಕ್ಯಾಮೆರಾದ ಫೋಕಲ್ ಲೆಂತ್ 900 ಪಿಕ್ಸೆಲ್ ಎಂದುಕೊಳ್ಳಿ, ಅಂದರೆ ಒಂದು ಮೀಟರ್ ದೂರದಲ್ಲಿರುವ ಒಂದು ಮೀಟರ್ ಉದ್ದ ಚಿತ್ರದಲ್ಲಿ 900 ಪಿಕ್ಸೆಲ್ ಆಗುತ್ತದೆ; 1280×720 ಚಿತ್ರಕ್ಕೆ ಅದು ಸಾಮಾನ್ಯ ಸಂಖ್ಯೆ. 50 ಮಿ.ಮೀ. ಮಾರ್ಕರ್ ಒಂದು ಮೀಟರ್ ದೂರದಲ್ಲಿ 45 ಪಿಕ್ಸೆಲ್ ಕಾಣುತ್ತದೆ. 4×4 ಮಾರ್ಕರ್ ಆದರೆ ಅಂಚು ಸೇರಿ 6 ಮನೆ, ಪ್ರತಿ ಮನೆಗೆ 7.5 ಪಿಕ್ಸೆಲ್. ಈಗ ಆ ಮಾರ್ಕರ್ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿದೆ, ಅಂದರೆ ನಿಧಾನವಾಗಿ ಕೈ ಬೀಸಿದಷ್ಟು. ಶಟರ್ 1/30 ಸೆಕೆಂಡ್ ತೆರೆದಿದ್ದರೆ ಅದು 33 ಮಿ.ಮೀ. ಸರಿಯುತ್ತದೆ, ಚಿತ್ರದಲ್ಲಿ 30 ಪಿಕ್ಸೆಲ್. ನಾಲ್ಕು ಮನೆ ಒಂದರ ಮೇಲೊಂದು ಕಲಸಿಹೋದವು. ಯಾವ ಡಿಟೆಕ್ಟರೂ ಅದನ್ನು ಓದಲಾರದು. 1/120ರಲ್ಲಿ ಮಸುಕು 7.5 ಪಿಕ್ಸೆಲ್, ಸರಿಯಾಗಿ ಒಂದು ಮನೆ, ಅಂದರೆ ಬದುಕು ಸಾವಿನ ಗಡಿ. 1/500ರಲ್ಲಿ 1.8 ಪಿಕ್ಸೆಲ್, ನೆಮ್ಮದಿ.

ಆಟೋ ಎಕ್ಸ್‌ಪೋಶರ್ ಬಿಟ್ಟರೆ ಕ್ಯಾಮೆರಾ ಒಳಾಂಗಣದಲ್ಲಿ ಶಟರ್ ಅನ್ನು ಆದಷ್ಟು ಹೊತ್ತು ತೆರೆದೇ ಇಡುತ್ತದೆ, ಅದಕ್ಕೆ ಚಂದದ ಚಿತ್ರ ಬೇಕು. ನಮಗೆ ಬೇಕಾದದ್ದು ಚಂದವಲ್ಲ. ಆಟೋ ಆಫ್ ಮಾಡಿ, ಶಟರ್ ಅವಧಿ ಕಡಿಮೆ ಮಾಡಿ, ಸೆನ್ಸರ್‌ನ ಸಂಕೇತವನ್ನು ಹಿಗ್ಗಿಸುವ ಗೇನ್ ಹೆಚ್ಚಿಸಿ. ಚಿತ್ರ ಕಾಳುಕಾಳಾಗಿ ಕಂಡರೆ ಹೆದರಬೇಡಿ. ಡಿಟೆಕ್ಟರ್ ಗದ್ದಲವನ್ನು ಸಾಕಷ್ಟು ಸಹಿಸುತ್ತದೆ, ಮಸುಕನ್ನು ಸಹಿಸುವುದಿಲ್ಲ. ಆದರೆ ಬಿಳಿ ಪಿಕ್ಸೆಲ್‌ನ ಗರಿಷ್ಠ ಬೆಲೆಯಾದ 255 ಮುಟ್ಟದಂತೆ ನೋಡಿಕೊಳ್ಳಿ. ಉರಿದುಹೋದ ಬಿಳಿ ಪಕ್ಕದ ಕಪ್ಪು ಮನೆಯೊಳಗೆ ಹರಡಿ, ಮಾರ್ಕರ್‌ನ ಹೊರ ಅಂಚನ್ನೂ ತಿಂದು, ಗಾತ್ರವನ್ನೇ ಚಿಕ್ಕದಾಗಿಸುತ್ತದೆ. ಬಿಳಿ 200ರ ಆಸುಪಾಸಿನಲ್ಲಿದ್ದರೆ ನನಗೆ ಸಮಾಧಾನ.

ಶಟರ್ ಕಿರಿದಾಗಿಸಿದ ಮೇಲೆ ಇನ್ನೊಂದು ಪೀಡೆ ಶುರುವಾಗಬಹುದು: ಚಿತ್ರದಲ್ಲಿ ಅಡ್ಡ ಪಟ್ಟಿಗಳು ತೇಲುವುದು, ಅಥವಾ ಕೆಲವು ಫ್ರೇಮ್ ಮಾತ್ರ ಕತ್ತಲಾಗುವುದು. ದೀಪವೇ ಮಿನುಗುತ್ತಿದೆ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, 60 ಹರ್ಟ್ಜ್‌ನಲ್ಲಿ 120 ಬಾರಿ. ಶಟರ್ ಅವಧಿ 10 ಮಿಲಿಸೆಕೆಂಡ್‌ನ ಪೂರ್ಣ ಗುಣಕವಾಗಿದ್ದರೆ, 60 ಹರ್ಟ್ಜ್ ಇರುವಲ್ಲಿ 8.33ರ ಗುಣಕವಾಗಿದ್ದರೆ, ಪಟ್ಟಿಗಳು ಹೋಗುತ್ತವೆ. ಆದರೆ ಮೇಲಿನ ಲೆಕ್ಕ 2 ಮಿಲಿಸೆಕೆಂಡ್ ಕೇಳುತ್ತಿದೆ. ಎರಡೂ ಒಟ್ಟಿಗೆ ಆಗದು. ಇಲ್ಲಿ ಕೋಡಿನೊಂದಿಗೆ ಗುದ್ದಾಡುವುದಕ್ಕಿಂತ ಡಿಸಿ ವಿದ್ಯುತ್ತಿನಿಂದ ಉರಿಯುವ, ಮಿನುಗದ ಎಲ್‌ಇಡಿ ದೀಪ ತಂದಿಡುವುದೇ ಸರಿ. ಬೆಳಕು ಹೆಚ್ಚಿದರೆ ಶಟರ್ ಕಿರಿದಾಗುತ್ತದೆ, ಗೇನ್ ಇಳಿಯುತ್ತದೆ, ಮೂಲೆಗಳು ಚೂಪಾಗುತ್ತವೆ, ಮುಂದಿನ ಹಂತದ ಅರ್ಧ ದೂರುಗಳು ತಾವಾಗಿಯೇ ಹೋಗುತ್ತವೆ.

ಮಾರ್ಕರ್‌ಗೆ ಮಿರುಗುವ ಲ್ಯಾಮಿನೇಶನ್ ಮಾಡಿಸಿದ್ದರೆ ದೀಪದ ಹೊಳಪು ಒಂದು ಮನೆಯ ಮೇಲೆ ಬಿದ್ದು ಕಪ್ಪು ಬಿಳಿಯಾಗುತ್ತದೆ, ಅದೂ ಕೆಲವೇ ಕೋನಗಳಲ್ಲಿ. ಕೋನ ಬದಲಿಸಿದಾಗ ಮಾತ್ರ ಬಂದು ಹೋಗುವ ದೋಷ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಹೊಳಪಿಲ್ಲದ ಕಾಗದ, ಹೊಳಪಿಲ್ಲದ ಲ್ಯಾಮಿನೇಶನ್ ಬಳಸಿ.

ದೂರ ತಪ್ಪು ಬರುತ್ತಿದೆ

ಅಳತೆಪಟ್ಟಿ ಹಿಡಿದು ಮೂರು ಕಡೆ ಮಾರ್ಕರ್ ಇಡಿ: 500, 1000, 1500 ಮಿ.ಮೀ. ಪ್ರತಿಯೊಂದಕ್ಕೂ ಪ್ರೋಗ್ರಾಂ ಹೇಳುವ ದೂರ ಬರೆದುಕೊಳ್ಳಿ. ಈ ಮೂರು ಜೋಡಿ ಸಂಖ್ಯೆಗಳೇ ರೋಗ ಹೇಳುತ್ತವೆ.

ತಪ್ಪು ಎಲ್ಲ ಕಡೆ ಒಂದೇ ಅನುಪಾತದಲ್ಲಿದ್ದರೆ ಅಳತೆ ಅಥವಾ ಫೋಕಲ್ ಲೆಂತ್ ತಪ್ಪು. ಶೇ. 3ರಷ್ಟು ಹೆಚ್ಚು ಬರುತ್ತಿದೆಯೇ? ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ಆನ್ ಆಗಿದ್ದು 50 ಮಿ.ಮೀ. ಮಾರ್ಕರ್ 48.5 ಆಗಿರಬಹುದು. ಒಂದು ಮೀಟರ್ ಅನ್ನು ಅದು 1031 ಮಿ.ಮೀ. ಎನ್ನುತ್ತದೆ. ಕಡತದಲ್ಲಿ ಏನಿದೆ ಎಂದು ನೋಡಬೇಡಿ, ಮುದ್ರಿತ ಕಾಗದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಕಪ್ಪು ಚೌಕದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬೇಕು, ಸುತ್ತಲಿನ ಬಿಳಿ ಸೇರಿಸಬಾರದು. ಅಗಲ, ಎತ್ತರ ಎರಡನ್ನೂ ಅಳೆಯಿರಿ. ಕೆಲವು ಪ್ರಿಂಟರ್‌ಗಳು ಕಾಗದ ಎಳೆಯುವ ದಿಕ್ಕಿನಲ್ಲಿ ಸ್ವಲ್ಪ ಹಿಗ್ಗಿಸುತ್ತವೆ.

ಸರಿಯಾಗಿ ಒಂದೂವರೆ ಪಟ್ಟು ಬರುತ್ತಿದೆಯೇ? ಕ್ಯಾಲಿಬ್ರೇಶನ್, ಅಂದರೆ ಚದುರಂಗದ ಹಲಗೆಯ ಫೋಟೋಗಳಿಂದ ಕ್ಯಾಮೆರಾದ ಫೋಕಲ್ ಲೆಂತ್, ಲೆನ್ಸ್ ವಕ್ರತೆ ಕಂಡುಹಿಡಿಯುವ ಕೆಲಸ, ಮಾಡಿದ್ದು 1920×1080ರಲ್ಲಿ, ಓಡಿಸುತ್ತಿರುವುದು 1280×720ರಲ್ಲಿ. ಫೋಕಲ್ ಲೆಂತ್ ಮತ್ತು ಚಿತ್ರಕೇಂದ್ರದ ಸಂಖ್ಯೆಗಳನ್ನು ಮೂರನೇ ಎರಡಕ್ಕೆ ಇಳಿಸಬೇಕು, ಲೆನ್ಸ್ ವಕ್ರತೆಯ ಗುಣಾಂಕಗಳನ್ನು ಮುಟ್ಟಬಾರದು. 640×480ಕ್ಕೆ ಹೋದರೆ ಬರೀ ಗುಣಾಕಾರ ಸಾಲದು, ಏಕೆಂದರೆ ಆ ಮೋಡ್‌ನಲ್ಲಿ ಕ್ಯಾಮೆರಾ ಸೆನ್ಸರ್‌ನ ಬದಿಗಳನ್ನು ಕತ್ತರಿಸಿರಬಹುದು. ಓಡಿಸುವ ಮೋಡ್‌ನಲ್ಲೇ ಮತ್ತೆ ಕ್ಯಾಲಿಬ್ರೇಟ್ ಮಾಡುವುದು ಒಳ್ಳೆಯದು. ಫೋನಿನಲ್ಲಿ ವಿಡಿಯೋ ಸ್ಟೆಬಿಲೈಸೇಶನ್ ಕಡ್ಡಾಯವಾಗಿ ಆಫ್ ಮಾಡಿ. ಅದು ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಸರಿಸುತ್ತದೆ, ಕ್ಯಾಲಿಬ್ರೇಶನ್ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ. ಆಟೋ ಫೋಕಸ್ ಕೂಡ ಲೆನ್ಸ್ ಸರಿಸಿ ಫೋಕಲ್ ಲೆಂತ್ ಬದಲಿಸುತ್ತದೆ, ಅದನ್ನು ಒಂದು ಕಡೆ ನಿಲ್ಲಿಸಿ ಲಾಕ್ ಮಾಡಿ.

ತಪ್ಪು ಅನುಪಾತದಲ್ಲಿಲ್ಲದೆ ಮೂರೂ ಕಡೆ ಒಂದೇ ಇದ್ದರೆ, ಉದಾಹರಣೆಗೆ ಎಲ್ಲ ಕಡೆ 15 ಮಿ.ಮೀ., ಅದು ದೋಷವೇ ಅಲ್ಲ. ನೀವು ಕ್ಯಾಮೆರಾದ ಮುಖದಿಂದ ಅಳೆದಿರಿ, ಲೆಕ್ಕದ ಮೂಲಬಿಂದು ಲೆನ್ಸಿನ ದೃಗ್ಬಿಂದುವಿನಲ್ಲಿದೆ. ಮಧ್ಯದಲ್ಲಿ ಸರಿ, ಚಿತ್ರದ ಅಂಚಿಗೆ ಹೋದಂತೆ ತಪ್ಪು ಎಂದಾದರೆ ಲೆನ್ಸ್ ವಕ್ರತೆ. ಕ್ಯಾಲಿಬ್ರೇಶನ್ ಫೋಟೋಗಳಲ್ಲಿ ಚದುರಂಗದ ಹಲಗೆ ಬರೀ ಮಧ್ಯದಲ್ಲೇ ಇತ್ತೇ ನೋಡಿ. ಜೆಂಗ್‌ಯೌ ಜಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಇದರ ತಳಹದಿ, ಅದಕ್ಕೆ ಹಲಗೆ ಬೇರೆ ಬೇರೆ ಓರೆಯಲ್ಲಿ ಕಾಣಬೇಕು. ನೇರ ಎದುರಿಗೆ ಹಿಡಿದ ಇಪ್ಪತ್ತು ಫೋಟೋಗಳಿಗಿಂತ ಮೂಲೆಗಳನ್ನೂ ಮುಟ್ಟುವ, ಓರೆ ಹಿಡಿದ ಹದಿನೈದು ಮೇಲು. ಸರಾಸರಿ ತಪ್ಪು 0.3 ಪಿಕ್ಸೆಲ್ ಬಂತು ಎಂದು ಹಿಗ್ಗಬೇಡಿ, ಫೋಟೋಗಳು ಮುಟ್ಟದ ಜಾಗದ ಬಗ್ಗೆ ಆ ಸಂಖ್ಯೆ ಏನೂ ಹೇಳುವುದಿಲ್ಲ. ಇನ್ನೊಂದು ಸಾಮಾನ್ಯ ತಪ್ಪು: ಚಿತ್ರವನ್ನು ಮೊದಲೇ ನೇರಗೊಳಿಸಿ, ಪೋಸ್ ಲೆಕ್ಕಕ್ಕೆ ಮತ್ತೆ ವಕ್ರತೆಯ ಗುಣಾಂಕಗಳನ್ನು ಕೊಡುವುದು. ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ.

ಚದುರಂಗದ ಹಲಗೆಯ ಬಿಳಿ ಮನೆಗಳಲ್ಲಿ ಮಾರ್ಕರ್ ಇರುವ ಚಾರೂಕೊ ಬೋರ್ಡ್‌ನಿಂದ ಕ್ಯಾಲಿಬ್ರೇಟ್ ಮಾಡುವವರಿಗೆ ಒಂದು ಮಾತು. ಓಪನ್‌ಸಿವಿ 4.6ರಿಂದ, ಸಮ ಸಂಖ್ಯೆಯ ಸಾಲುಗಳಿರುವ ಬೋರ್ಡ್‌ನಲ್ಲಿ ಕಪ್ಪು ಮನೆ ಬಿಳಿ ಮನೆಗಳ ಕ್ರಮ ಬದಲಾಗಿದೆ. ಹಳೆಯ ಆವೃತ್ತಿಯಲ್ಲಿ ಮುದ್ರಿಸಿದ ಬೋರ್ಡ್ ಗೋಡೆಯ ಮೇಲೆ ಹಾಗೇ ಇದೆ, ಲೈಬ್ರರಿ ಅಪ್‌ಡೇಟ್ ಆಗಿದೆ, ಮಾರ್ಕರ್‌ಗಳೆಲ್ಲ ಸಿಗುತ್ತವೆ ಆದರೆ ಬೋರ್ಡ್‌ನ ಮೂಲೆಗಳು ಸಿಗುವುದಿಲ್ಲ. ಹಳೆಯ ವಿನ್ಯಾಸ ಎಂದು ತಿಳಿಸುವ ಆಯ್ಕೆಯೊಂದನ್ನು ನಂತರದ ಆವೃತ್ತಿಗಳು ಕೊಟ್ಟಿವೆ, ಅದನ್ನು ಆನ್ ಮಾಡಿ.

ಮಗುಚುವ ಘನಾಕೃತಿ

ಇದು ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ, ಎಲ್ಲಕ್ಕಿಂತ ಹೆಚ್ಚು ತಪ್ಪು ಅರ್ಥವಾಗುವುದೂ ಇದೇ. ಮಾರ್ಕರ್ ಅಲುಗದೆ ಕೂತಿದೆ, ಅದರ ಮೇಲಿನ ಆಕೃತಿ ಮಾತ್ರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತದೆ.

ಮತ್ತೆ ನಮ್ಮ 45 ಪಿಕ್ಸೆಲ್ ಮಾರ್ಕರ್ ತೆಗೆದುಕೊಳ್ಳಿ. ಅದನ್ನು 10 ಡಿಗ್ರಿ ಓರೆ ಮಾಡಿದರೆ ಅಗಲ 45ರಿಂದ 44.3ಕ್ಕೆ ಇಳಿಯುತ್ತದೆ. ಎಡಕ್ಕೆ 10 ಡಿಗ್ರಿ ಓರೆಯಾದರೂ ಅಷ್ಟೇ, ಬಲಕ್ಕೆ ಆದರೂ ಅಷ್ಟೇ. ಹಾಗಾದರೆ ಎಡವೋ ಬಲವೋ ಎಂದು ತಿಳಿಯುವುದು ಹೇಗೆ? ಹತ್ತಿರದ ಅಂಚು ದೂರದ ಅಂಚಿಗಿಂತ ಉದ್ದ ಕಾಣಬೇಕು, ಅದೊಂದೇ ಸುಳಿವು. 50 ಮಿ.ಮೀ. ಮಾರ್ಕರ್ 10 ಡಿಗ್ರಿ ವಾಲಿದಾಗ ಎರಡು ಅಂಚುಗಳ ದೂರದ ವ್ಯತ್ಯಾಸ 8.7 ಮಿ.ಮೀ., ಒಂದು ಮೀಟರ್‌ನಲ್ಲಿ ಅದು ಶೇ. 0.87, ಚಿತ್ರದಲ್ಲಿ 0.4 ಪಿಕ್ಸೆಲ್. ಮೂಲೆ ಗುರುತಿಸುವುದರಲ್ಲಿ ಅರ್ಧ ಪಿಕ್ಸೆಲ್ ಹೆಚ್ಚುಕಡಿಮೆಯಾದರೆ ಆ ಸುಳಿವು ಅಳಿಸಿಹೋಗುತ್ತದೆ. ಲೆಕ್ಕಕ್ಕೆ ಎರಡು ಉತ್ತರ ಸಿಗುತ್ತವೆ, ಎರಡೂ ಹೆಚ್ಚುಕಡಿಮೆ ಸಮನಾಗಿ ಹೊಂದುತ್ತವೆ, ಪ್ರತಿ ಫ್ರೇಮ್‌ನಲ್ಲಿ ಯಾವುದೋ ಒಂದು ಗೆಲ್ಲುತ್ತದೆ. ಇದು ನಿಮ್ಮ ಕೋಡಿನ ತಪ್ಪಲ್ಲ, ಮಾಹಿತಿಯೇ ಚಿತ್ರದಲ್ಲಿಲ್ಲ.

ಮದ್ದು ಎರಡು ಕಡೆಯಿಂದ. ಮಾಹಿತಿ ಹೆಚ್ಚಿಸುವುದು ಮೊದಲನೆಯದು: ಮಾರ್ಕರ್ ದೊಡ್ಡದು ಮಾಡಿ, ಹತ್ತಿರ ತನ್ನಿ, ಕ್ಯಾಮೆರಾಗೆ ನೇರ ಎದುರಾಗದಂತೆ 30–40 ಡಿಗ್ರಿ ಓರೆಗೆ ಅಂಟಿಸಿ. 40 ಡಿಗ್ರಿಯಲ್ಲಿ ಅದೇ ಅಂಚುಗಳ ವ್ಯತ್ಯಾಸ 1.4 ಪಿಕ್ಸೆಲ್ ಆಗುತ್ತದೆ. ಒಂದೇ ಸಮತಲದಲ್ಲಿಲ್ಲದ ಎರಡು ಮಾರ್ಕರ್‌ಗಳನ್ನು, ಉದಾಹರಣೆಗೆ ಡಬ್ಬಿಯ ಎರಡು ಮುಖಗಳಲ್ಲಿ, ಅಂಟಿಸಿದರೆ ಗೊಂದಲ ಬಹುತೇಕ ಹೋಗಿಯೇಬಿಡುತ್ತದೆ. ಎರಡನೆಯದು ಇರುವ ಮಾಹಿತಿಯನ್ನು ಪ್ರಾಮಾಣಿಕವಾಗಿ ಬಳಸುವುದು. ಓಪನ್‌ಸಿವಿಯಲ್ಲಿ ಚೌಕಕ್ಕೆಂದೇ ಇರುವ ಐಪಿಪಿಇ ವಿಧಾನ ಎರಡೂ ಉತ್ತರಗಳನ್ನೂ ಅವುಗಳ ತಪ್ಪನ್ನೂ ಕೊಡಬಲ್ಲದು. ಎರಡು ತಪ್ಪುಗಳ ಅನುಪಾತ ನೋಡಿ. ಒಂದು ಸ್ಪಷ್ಟವಾಗಿ ಚಿಕ್ಕದಿದ್ದರೆ ಅದನ್ನು ಒಪ್ಪಿ, ಎರಡೂ ಹತ್ತಿರವಿದ್ದರೆ ಹಿಂದಿನ ಫ್ರೇಮ್‌ನ ತಿರುವಿಗೆ ಹತ್ತಿರದ್ದನ್ನು ಆರಿಸಿ. ಫೋನಿನಲ್ಲಾದರೆ ಗುರುತ್ವದ ದಿಕ್ಕು ಸೆನ್ಸರ್‌ನಿಂದ ಸಿಗುತ್ತದೆ, ಮಾರ್ಕರ್ ಮೇಜಿನ ಮೇಲೆ ಮಲಗಿದೆ ಎಂದು ಗೊತ್ತಿದ್ದರೆ ಅಷ್ಟರಿಂದಲೇ ತೀರ್ಮಾನವಾಗುತ್ತದೆ.

ಆದರೆ ಮಗುಚುವುದೆಲ್ಲ ಇದೇ ಅಲ್ಲ. ನಾನೇ ಒಮ್ಮೆ ಈ ಎರಡು ಉತ್ತರಗಳ ಹಿಂದೆ ಬಿದ್ದು, ಮಾರ್ಕರ್ ದೊಡ್ಡದು ಮಾಡಿ, ಬೋರ್ಡ್ ಮಾಡಿ, ಆದರೂ ಆಕೃತಿ ಆಗಾಗ ತಲೆಕೆಳಗಾಗುತ್ತಿದ್ದುದನ್ನು ನೋಡುತ್ತಿದ್ದೆ. ತಿರುವಿನ ಸಂಖ್ಯೆಗಳನ್ನು ಸಾಲಾಗಿ ಮುದ್ರಿಸಿದಾಗ ಕಂಡದ್ದು ಇದು: ಒಂದು ಫ್ರೇಮ್‌ನಲ್ಲಿ 3.12, 0.02, 0.05. ಮುಂದಿನದರಲ್ಲಿ −3.13, 0.01, −0.04. ನೋಡಿದರೆ ಆಕಾಶ ಭೂಮಿಯ ವ್ಯತ್ಯಾಸ. ಆದರೆ ಇವು ತಿರುವಿನ ಅಕ್ಷ ಮತ್ತು ಕೋನವನ್ನು ಒಟ್ಟಿಗೆ ಹೇಳುವ ಸಂಖ್ಯೆಗಳು. ಒಂದು ದಿಕ್ಕಿನಲ್ಲಿ ಸುಮಾರು 180 ಡಿಗ್ರಿ ತಿರುಗುವುದೂ ವಿರುದ್ಧ ದಿಕ್ಕಿನಲ್ಲಿ ಸುಮಾರು 180 ಡಿಗ್ರಿ ತಿರುಗುವುದೂ ಬಂದು ಸೇರುವುದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ. ಕ್ಯಾಮೆರಾಗೆ ಎದುರಾಗಿರುವ ಮಾರ್ಕರ್ ಯಾವಾಗಲೂ ಈ 180ರ ಗಡಿಯಲ್ಲೇ ಇರುತ್ತದೆ. ಪೋಸ್ ಸರಿಯಾಗಿಯೇ ಇತ್ತು. ಅದುರು ಕಡಿಮೆ ಮಾಡಲು ನಾನು ಹಾಕಿದ್ದ ಸರಾಸರಿ ಈ ಎರಡನ್ನು ಕೂಡಿಸಿ ಭಾಗಿಸಿ ಸೊನ್ನೆ ಮಾಡುತ್ತಿತ್ತು. ಸೊನ್ನೆ ಎಂದರೆ ತಿರುವೇ ಇಲ್ಲ, ಅಂದರೆ ಇರಬೇಕಾದ್ದಕ್ಕೆ ಪೂರ್ತಿ ತಲೆಕೆಳಗು.

ಎರಡನ್ನು ಬೇರ್ಪಡಿಸುವ ಪರೀಕ್ಷೆ: ಎರಡು ಅನುಕ್ರಮ ಫ್ರೇಮ್‌ಗಳ ತಿರುವಿನ ಮ್ಯಾಟ್ರಿಕ್ಸ್ ತೆಗೆದು, ಒಂದರ ಟ್ರಾನ್ಸ್‌ಪೋಸನ್ನು ಇನ್ನೊಂದಕ್ಕೆ ಗುಣಿಸಿ, ಅದರ ಕೋನ ನೋಡಿ. ಮೇಲಿನ ಉದಾಹರಣೆಯ ಮುಖ್ಯ ಅಕ್ಷದಲ್ಲಿ ಅದು ಎರಡು ಡಿಗ್ರಿಯೂ ಇಲ್ಲ. ಸಂಖ್ಯೆಗಳು ಹಾರಿದರೂ ಕೋನ ಚಿಕ್ಕದಿದ್ದರೆ ತಪ್ಪು ಸರಾಸರಿಯಲ್ಲಿದೆ. ಕೋನವೇ 20, 30 ಡಿಗ್ರಿ ಹಾರಿದರೆ ಅದು ನಿಜವಾದ ಎರಡು ಉತ್ತರಗಳ ಗೊಂದಲ. ಸರಾಸರಿಯನ್ನು ತಿರುವನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳುವ ಕ್ವಾಟರ್ನಿಯನ್‌ನಲ್ಲಿ ಮಾಡಿ, ಅಲ್ಲೂ ಒಂದು ಎಚ್ಚರ: ಕ್ವಾಟರ್ನಿಯನ್ ಮತ್ತು ಅದರ ಮೈನಸ್ ಎರಡೂ ಒಂದೇ ತಿರುವು. ಹಿಂದಿನದರೊಂದಿಗೆ ಡಾಟ್ ಗುಣಲಬ್ಧ ಋಣವಾದರೆ ಚಿಹ್ನೆ ಬದಲಿಸಿ ಆಮೇಲೆ ಬೆರೆಸಿ.

ಆಕೃತಿ ಯಾವಾಗಲೂ, ಮೊದಲ ಫ್ರೇಮ್‌ನಿಂದಲೇ, ತಲೆಕೆಳಗೆ ಇದ್ದರೆ ಮೇಲಿನ ಎರಡೂ ಅಲ್ಲ. ಓಪನ್‌ಸಿವಿಯಲ್ಲಿ ವೈ ಅಕ್ಷ ಕೆಳಕ್ಕೆ, ಜೆಡ್ ಮುಂದಕ್ಕೆ. ಪರದೆಗೆ ಆಕೃತಿ ಬರೆಯುವ ಓಪನ್‌ಜಿಎಲ್‌ನಲ್ಲಿ ವೈ ಮೇಲಕ್ಕೆ, ಜೆಡ್ ನೋಡುವವನ ಕಡೆಗೆ. ಗೇಮ್ ಎಂಜಿನ್ ಆದ ಯೂನಿಟಿಯದು ಎಡಗೈ ಅಕ್ಷಪದ್ಧತಿ. ಒಂದೇ ಜಾಗದಲ್ಲಿ, ಒಂದೇ ಸಲ ಪರಿವರ್ತಿಸಿ.

ಅದುರು

ಮಾರ್ಕರ್ ಗೋಡೆಗೆ ಅಂಟಿಸಿ, ಕ್ಯಾಮೆರಾ ಸ್ಟ್ಯಾಂಡ್‌ಗೆ ಬಿಗಿದು, 300 ಫ್ರೇಮ್ ದಾಖಲಿಸಿ ಎಕ್ಸ್, ವೈ, ಜೆಡ್ ಪ್ರತಿಯೊಂದರ ಹರಡು ನೋಡಿ. ಜೆಡ್ ಉಳಿದೆರಡಕ್ಕಿಂತ ಬಹಳ ಹೆಚ್ಚು ಅದುರುವುದು ಸಹಜ. 45 ಪಿಕ್ಸೆಲ್‌ನಲ್ಲಿ ಅರ್ಧ ಪಿಕ್ಸೆಲ್ ತಪ್ಪಿದರೆ ದೂರದಲ್ಲಿ 11 ಮಿ.ಮೀ. ತಪ್ಪುತ್ತದೆ, ಅಡ್ಡದಲ್ಲಿ ತಪ್ಪುವುದು ಅರ್ಧ ಮಿ.ಮೀ.ಗೆ ಸ್ವಲ್ಪ ಹೆಚ್ಚು ಮಾತ್ರ. ಎಕ್ಸ್, ವೈ ಕೂಡ ಜೆಡ್‌ನಷ್ಟೇ ಅದುರುತ್ತಿದ್ದರೆ ಸ್ಟ್ಯಾಂಡ್ ಅಲುಗುತ್ತಿದೆ ಅಥವಾ ಸ್ಟೆಬಿಲೈಸೇಶನ್ ಆನ್ ಇದೆ.

ಮೂಲೆ ನಿಖರಗೊಳಿಸುವ ಆಯ್ಕೆ ಓಪನ್‌ಸಿವಿಯಲ್ಲಿ ಮೊದಲೇ ಆಫ್ ಆಗಿರುತ್ತದೆ. ಮೂಲೆಯನ್ನು ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿ ಗುರುತಿಸುವ ಸಬ್‌ಪಿಕ್ಸೆಲ್ ಆಯ್ಕೆ ಆನ್ ಮಾಡಿದರೆ ಅದುರು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಆದರೆ ಅದರ ವಿಂಡೋ 5 ಎಂದರೆ ಮೂಲೆಯ ಎರಡೂ ಬದಿಗೆ ಐದೈದು, ಒಟ್ಟು 11 ಪಿಕ್ಸೆಲ್ ಅಗಲದ ಜಾಗ. ಮನೆಯೇ 7.5 ಪಿಕ್ಸೆಲ್ ಇದ್ದರೆ ಆ ಜಾಗದ ಅಂಚಿಗೆ ಒಳಗಿನ ಮನೆಯ ಮೂಲೆ ಹತ್ತಿರವಾಗುತ್ತದೆ, ಮಾರ್ಕರ್ ಇನ್ನಷ್ಟು ದೂರ ಹೋದರೆ ಒಳಗೇ ಬಂದು ಹೊರಮೂಲೆಯನ್ನು ತನ್ನತ್ತ ಎಳೆಯುತ್ತದೆ. ದೂರದ ಮಾರ್ಕರ್‌ಗಳಿಗೆ ವಿಂಡೋ 2 ಅಥವಾ 3 ಸಾಕು.

ಕಾಗದ ಬಾಗಿದ್ದರೆ ಏನು ಮಾಡಿದರೂ ಅದುರು ನಿಲ್ಲದು, ಲೆಕ್ಕವೆಲ್ಲ ಚಪ್ಪಟೆ ಚೌಕಕ್ಕೆ. ಅಕ್ರಿಲಿಕ್ ಅಥವಾ ಅಲ್ಯೂಮಿನಿಯಂ ಹಲಗೆಗೆ ಗುಳ್ಳೆಯಿಲ್ಲದಂತೆ ಅಂಟಿಸಿ. ಇವೆಲ್ಲ ಆದ ಮೇಲಷ್ಟೇ ಫಿಲ್ಟರ್. 2012ರಲ್ಲಿ ಪ್ರಕಟವಾದ ಒನ್ ಯೂರೋ ಫಿಲ್ಟರ್ ನನಗೆ ಇಷ್ಟ. ನಿಂತಾಗ ಹೆಚ್ಚು ನಯ ಮಾಡುತ್ತದೆ, ವೇಗ ಹೆಚ್ಚಿದಂತೆ ಕೈಬಿಡುತ್ತದೆ, ಹೊಂದಿಸಬೇಕಾದ ಮುಖ್ಯ ಸಂಖ್ಯೆಗಳು ಎರಡೇ.

ಹಿಂದೆ ಬೀಳುವುದು

ಕ್ಯಾಮೆರಾ ಸೆಕೆಂಡಿಗೆ 30 ಡಿಗ್ರಿ ತಿರುಗುವಾಗ 50 ಮಿಲಿಸೆಕೆಂಡ್ ತಡವಾದರೆ 1.5 ಡಿಗ್ರಿ ಜಾರುತ್ತದೆ, ನಮ್ಮ ಕ್ಯಾಮೆರಾದಲ್ಲಿ ಸುಮಾರು 24 ಪಿಕ್ಸೆಲ್. ತಡ ಎಷ್ಟೆಂದು ಅಳೆಯಲು, ಪರದೆಯ ಮೇಲೆ ಮಿಲಿಸೆಕೆಂಡ್ ಓಡುವ ಗಡಿಯಾರ ತೆರೆದು, ಅದರ ಪಕ್ಕದಲ್ಲೇ ನಿಮ್ಮ ಪ್ರೋಗ್ರಾಂನ ಕಿಟಕಿ ಇಟ್ಟು, ಕ್ಯಾಮೆರಾವನ್ನು ಗಡಿಯಾರದ ಕಡೆ ತಿರುಗಿಸಿ. ಇನ್ನೊಂದು ಫೋನಿನಿಂದ ಎರಡೂ ಕಾಣುವಂತೆ ಫೋಟೋ ತೆಗೆಯಿರಿ. ಎರಡು ಸಂಖ್ಯೆಗಳ ವ್ಯತ್ಯಾಸವೇ ತಡ. ಅದು 150, 200 ಬಂದರೆ ಕ್ಯಾಮೆರಾದ ಬಫರ್‌ನಲ್ಲಿ ಹಳೆಯ ಫ್ರೇಮ್‌ಗಳು ಸಾಲುಗಟ್ಟಿವೆ. ನಿಮ್ಮ ಲೂಪ್ ಫ್ರೇಮ್ ಬರುವ ವೇಗಕ್ಕಿಂತ ನಿಧಾನವಾದಾಗ ಹೀಗಾಗುತ್ತದೆ. ಓದುವುದನ್ನು ಬೇರೆ ಥ್ರೆಡ್‌ಗೆ ಹಾಕಿ, ಹೊಸ ಫ್ರೇಮ್ ಮಾತ್ರ ಇಟ್ಟುಕೊಂಡು ಹಳೆಯದನ್ನು ಬಿಸಾಡಿ. ಪೋಸ್ ಯಾವ ಫ್ರೇಮ್‌ನಿಂದ ಬಂತೋ ಅದೇ ಫ್ರೇಮನ್ನು ಹಿನ್ನೆಲೆಯಾಗಿ ತೋರಿಸಿದರೆ ಆಕೃತಿ ಮಾರ್ಕರ್‌ಗೆ ಅಂಟಿಯೇ ಇರುತ್ತದೆ, ಇಡೀ ಚಿತ್ರ ಸ್ವಲ್ಪ ತಡವಾದರೂ ಕಣ್ಣು ಅದನ್ನು ಕ್ಷಮಿಸುತ್ತದೆ.

ವೇಗವಾಗಿ ಅಲುಗಿಸಿದಾಗ ಮಾತ್ರ ಆಕೃತಿ ಓರೆಯಾಗಿ ಕೂರುತ್ತಿದ್ದರೆ ಅದು ರೋಲಿಂಗ್ ಶಟರ್. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. 720 ಸಾಲು ಓದಲು 20 ಮಿಲಿಸೆಕೆಂಡ್ ಬೇಕಾದರೆ, 45 ಸಾಲಿನ ಮಾರ್ಕರ್‌ಗೆ 1.25 ಮಿಲಿಸೆಕೆಂಡ್. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಅಷ್ಟರಲ್ಲಿ ಕೆಳಗಿನ ಅಂಚು 1.1 ಪಿಕ್ಸೆಲ್ ಸರಿದಿರುತ್ತದೆ. ಓರೆಯ ಸುಳಿವೇ 0.4 ಪಿಕ್ಸೆಲ್ ಎಂದು ಮೇಲೆ ನೋಡಿದೆವು. ಶಟರ್ ಕಿರಿದಾಗಿಸಿದರೆ ಇದು ಹೋಗುವುದಿಲ್ಲ. ಚಲನೆಯನ್ನು ನಿಖರವಾಗಿ ಅಳೆಯಲೇಬೇಕೆಂದಿದ್ದರೆ ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಗ್ಲೋಬಲ್ ಶಟರ್ ಇರುವ ಕ್ಯಾಮೆರಾವೇ ಬೇಕು.

ಇನ್‌ಫ್ರಾರೆಡ್ ಕ್ಯಾಮೆರಾ ಬಳಸುವವರಿಗೆ

ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಮಾರ್ಕರ್ ಕಣ್ಣಿಗೆ ಕಡುಗಪ್ಪು, ಇನ್‌ಫ್ರಾರೆಡ್ ಕ್ಯಾಮೆರಾಗೆ ಬರೀ ಬಿಳಿ ಹಾಳೆ. ಬಣ್ಣದ ದ್ರಾವಣದಿಂದ ಮಾಡಿದ ಎಷ್ಟೋ ಇಂಕ್‌ಗಳು ಆ ಬೆಳಕಿಗೆ ಪಾರದರ್ಶಕ. ಇಂಗಾಲವಿರುವ ಲೇಸರ್ ಟೋನರ್‌ನಿಂದ ಮುದ್ರಿಸಿ. ಪ್ರತಿಫಲಿಸುವ ಗುಂಡುಗಳನ್ನು ಮೈಗೆ ಅಂಟಿಸಿ ಚಲನೆ ಹಿಡಿಯುವವರು ಇಲ್ಲದ ಗುಂಡು ಕಾಣುತ್ತಿದೆ ಎಂದರೆ, ಮಾರ್ಕರ್ ಎಲ್ಲ ತೆಗೆದು ಖಾಲಿ ಜಾಗವನ್ನೊಮ್ಮೆ ಚಿತ್ರಿಸಲಿ. ಕಿಟಕಿಯ ಬಿಸಿಲು, ಶೂವಿನ ಹೊಳೆಯುವ ಪಟ್ಟಿ, ಎದುರಿನ ಕ್ಯಾಮೆರಾದ ದೀಪ, ಯಾವುದೇ ಆಗಲಿ, ಆ ಖಾಲಿ ಫ್ರೇಮ್‌ನಲ್ಲಿ ಬಿಳಿ ಚುಕ್ಕೆಯಾಗಿ ಕೂತಿರುತ್ತದೆ. ಮುಚ್ಚಬಹುದಾದದ್ದನ್ನು ಬಟ್ಟೆಯಿಂದ ಮುಚ್ಚಿ, ಮುಚ್ಚಲಾಗದ್ದನ್ನು ಆ ಕ್ಯಾಮೆರಾದ ಮಾಸ್ಕ್‌ಗೆ, ಅಂದರೆ ಕ್ಯಾಮೆರಾ ಕಡೆಗಣಿಸಬೇಕಾದ ಜಾಗಗಳಿಗೆ, ಸೇರಿಸಿ. ಕ್ಯಾಮೆರಾವನ್ನು ಒಂದು ಸಲ ಅಲುಗಿಸಿದರೂ ಮಾಸ್ಕ್ ಮತ್ತೆ ಹಾಕಬೇಕು.